ಕಿಲ್ -9ಕ್ಕೂ ಜಗ್ಗದ ಪ್ರೊಸೆಸ್: ರೀಬೂಟ್ ಮಾಡದೆ ಬಿಡಿಸಿಕೊಂಡ ನನ್ನ ಅನುಭವ

ಪುಣೆಯ ಭೋಸರಿ ಎಂಐಡಿಸಿಯಲ್ಲಿ ನಾನು ನೋಡಿಕೊಳ್ಳುವ ಒಂದು ಡೈ ಕಾರ್ಖಾನೆಯಿದೆ. ಅಲ್ಲಿನ ಲಿನಕ್ಸ್ ಸರ್ವರ್‌ನ ಲೋಡ್ ಆವರೇಜ್ (ಓಡುತ್ತಿರುವ, ಕಾದು ಕೂತ ಪ್ರೊಸೆಸ್‌ಗಳ ಸರಾಸರಿ ಲೆಕ್ಕ) ಅರವತ್ತರ ಮೇಲೆ ಹೋಗಿತ್ತು, ಸಿಪಿಯು ಮಾತ್ರ ಆರಾಮಾಗಿ ಕೂತಿತ್ತು. ಬ್ಯಾಕಪ್ ಹೋಗುವ ನಾಸ್ ಡಬ್ಬಿಯ (ನೆಟ್‌ವರ್ಕ್ ಮೇಲಿನ ಸ್ಟೋರೇಜ್) ಪವರ್ ಸಪ್ಲೈ ಸುಟ್ಟಿತ್ತು. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಅರ್ಧ ಗಂಟೆಗೊಂದು ಹೊಸ ಆರ್‌ಸಿಂಕ್ (ಫೈಲ್ ನಕಲು ಮಾಡುವ ಪ್ರೋಗ್ರಾಂ) ಎಬ್ಬಿಸುತ್ತಿತ್ತು, ಎದ್ದಿದ್ದೆಲ್ಲ ಡಿ ಸ್ಟೇಟ್‌ನಲ್ಲಿ, ಅಂದರೆ ಡಿಸ್ಕ್ ಇಲ್ಲವೇ ನೆಟ್‌ವರ್ಕ್ ಉತ್ತರಕ್ಕೆ ಕಾಯುವ ಅಲುಗದ ಸ್ಥಿತಿಯಲ್ಲಿ, ಸಿಕ್ಕಿಕೊಳ್ಳುತ್ತಿತ್ತು. ಪ್ರೊಸೆಸ್ಸನ್ನು ಬಲವಂತವಾಗಿ ಮುಗಿಸುವ ಕಿಲ್ -9 ಕೊಟ್ಟರೂ ಜಪ್ಪಯ್ಯ ಅನ್ನಲಿಲ್ಲ.

"ಬಂದ್ ಮಾಡಿ ಚಾಲೂ ಮಾಡ್ರಿ, ಮುಗೀತು" ಅಂದರು ನಮ್ಮವರೇ ಆದ ಇಬ್ಬರು, ಇಬ್ಬರೂ ನನಗಿಂತ ಸೀನಿಯರ್. ಅದೇ ಸರ್ವರ್ ಮೇಲೆ ಪ್ರೊಡಕ್ಷನ್ ಡೇಟಾಬೇಸ್ ಓಡುತ್ತಿದೆ. ಒಂದು ಗಂಟೆ ನಿಂತರೆ ಮೂವತ್ತು ನಲವತ್ತು ಸಾವಿರ ಹೋಗುತ್ತೆ ಅನ್ನೋದು ಮಾಲೀಕರ ಲೆಕ್ಕ. ಅದೂ ಅಲ್ಲದೆ ನಾಸ್ ಜೋಡಿಸಿದ್ದು ಎನ್‌ಎಫ್‌ಎಸ್‌ನಿಂದ (ಬೇರೆ ಯಂತ್ರದ ಫೈಲ್‌ಗಳನ್ನು ನೆಟ್‌ವರ್ಕ್ ಮೇಲೆ ಬಳಸುವ ವ್ಯವಸ್ಥೆ). ಸತ್ತ ಎನ್‌ಎಫ್‌ಎಸ್ ಮೌಂಟ್ (ಜೋಡಣೆ) ಇದ್ದರೆ ಶಟ್‌ಡೌನೇ ಅನ್‌ಮೌಂಟ್ ಹಂತದಲ್ಲಿ ನಿಂತುಬಿಡುವುದುಂಟು, ಕೊನೆಗೆ ಪವರ್ ಬಟನ್ನೇ ಗತಿ.

ಯಾರು ಯಾವ ಫೈಲ್ ತೆರೆದಿದ್ದಾರೆ ಅಂತ ತೋರಿಸುವ ಎಲ್‌ಎಸ್‌ಒಎಫ್ ಹಾಕಿದೆ, ಅದೂ ನೇತಾಡಿತು. ಬಲವಂತವಾಗಿ ಮೌಂಟ್ ಬಿಡಿಸುವ ಯುಮೌಂಟ್ -ಎಫ್ ಕೊಟ್ಟರೆ ಬ್ಯುಸಿ ಅಂತ ಎರರ್. ಯುಮೌಂಟ್ -ಎಲ್ ಕೊಡೋಣ ಅಂತ ಒಬ್ಬರು ಕೈ ಚಾಚಿದರು, ತಡೆದೆ. ಅದು ಮೌಂಟನ್ನು ಕಣ್ಮರೆ ಮಾಡುತ್ತೆ ಅಷ್ಟೇ, ಸಿಕ್ಕಿಕೊಂಡವು ಅಲ್ಲೇ ಇರುತ್ತವೆ. ಆಮೇಲೆ -ಎಫ್ ಕೊಡೋಕೆ ಹಿಡಿಯೇ ಸಿಗಲ್ಲ.

ಪ್ರೊಸೆಸ್ ಕರ್ನೆಲ್‌ನಲ್ಲಿ (ಲಿನಕ್ಸ್‌ನ ಒಳತಿರುಳು) ಎಲ್ಲಿ ನಿಂತಿದೆ ಅಂತ ತೋರಿಸುವ, ಪ್ರಾಕ್ ಫೋಲ್ಡರ್ ಒಳಗಿನ ಸ್ಟ್ಯಾಕ್ ಫೈಲ್ ನೋಡಿದರೆ ಎಲ್ಲಾ ದಾರಿಯೂ ಸತ್ತ ನಾಸ್‌ನ ಬಾಗಿಲಿಗೇ ಹೋಗುತ್ತಿತ್ತು. 2008ರ 2.6.25 ಕರ್ನೆಲ್‌ನಿಂದ ಎನ್‌ಎಫ್‌ಎಸ್‌ಗೆ ಕಾದು ಕೂತವು ಕಿಲ್ -9ಕ್ಕೆ ಸಾಯಬೇಕು, ನಿಜ. ಆದರೆ ಕರ್ನೆಲ್‌ನ ಎಲ್ಲಾ ಕಾಯುವಿಕೆಯೂ ಹಾಗಿಲ್ಲ.

ಉತ್ತರ ಕೊಡುವವನು ಸತ್ತಿದ್ದರೆ ನಾವೇ ಉತ್ತರ ಕೊಟ್ಟರಾಯಿತು. ನಾಸ್‌ನ ಐಪಿಯನ್ನು (ನೆಟ್‌ವರ್ಕ್ ವಿಳಾಸ) ಅದೇ ಸರ್ವರ್‌ನ ಲೂಪ್‌ಬ್ಯಾಕ್‌ಗೆ, ಅಂದರೆ ಯಂತ್ರ ತನ್ನೊಡನೆ ತಾನೇ ಮಾತಾಡುವ ಇಂಟರ್‌ಫೇಸ್‌ಗೆ, ಸೇರಿಸಿದೆ. ಏನೂ ಆಗಲಿಲ್ಲ! ಆ ಪೋರ್ಟ್‌ನಲ್ಲಿ ಕೇಳುವವರೇ ಇಲ್ಲ, ಉತ್ತರ ಬರುವವರೆಗೂ ಬಿಡದ ಹಾರ್ಡ್ ಮೌಂಟ್ ಬೇರೆ, ಕ್ಲೈಂಟ್ ಬಾಗಿಲು ತಟ್ಟುತ್ತಲೇ ಇತ್ತು. ಅಲ್ಲೇ ಎನ್‌ಎಫ್‌ಎಸ್ ಸರ್ವರ್ ಎಬ್ಬಿಸಿದೆ. ಹಳೇ ಟಿಸಿಪಿ ಕನೆಕ್ಷನ್ ಮುರಿದು ಹೊಸದು ಕೂಡೋಕೆ ಒಂದೆರಡು ನಿಮಿಷ ಹಿಡಿಯಿತು. ಆಮೇಲೆ 'ಸ್ಟೇಲ್ ಫೈಲ್ ಹ್ಯಾಂಡಲ್' (ನೀನು ಕೇಳುವ ಫೈಲ್ ಇಲ್ಲಿಲ್ಲ) ಅಂತ ಎರರ್ ಉದುರತೊಡಗಿತು, ಆರ್‌ಸಿಂಕ್‌ಗಳು ಒಂದೊಂದಾಗಿ ಮಾಯ. ಆಗ ಯುಮೌಂಟ್ -ಎಫ್ ಸಲೀಸಾಗಿ ಆಯಿತು. ಲೂಪ್‌ಬ್ಯಾಕ್‌ಗೆ ಸೇರಿಸಿದ ಐಪಿ ತೆಗೆಯೋದು ಮರೀಬೇಡಿ. ಇದು ಎನ್‌ಎಫ್‌ಎಸ್ ಆವೃತ್ತಿ 3ರ ಮಾತು. ಸುಳ್ಳು ಸರ್ವರ್‌ನ ಎಕ್ಸ್‌ಪೋರ್ಟ್ಸ್ ಫೈಲ್‌ನಲ್ಲಿ (ಯಾವ ಫೋಲ್ಡರ್ ಯಾರಿಗೆ ಹಂಚಬೇಕು ಅನ್ನೋ ಪಟ್ಟಿ) ಏನು ಬರೆದೆ ಅನ್ನೋದನ್ನ ಮಾತ್ರ ಹೇಳಲ್ಲ, ಹೊಟ್ಟೆಪಾಡು ನೋಡಿ.

ಅದೇ ಬಿಸಿಯಲ್ಲಿ ಕ್ಯಾಮೆರಾ ಸಾಫ್ಟ್‌ವೇರ್‌ನ ಜಾಂಬಿಗಳಿಗೂ (ಮುಗಿದರೂ ಪಟ್ಟಿಯಲ್ಲಿ ಉಳಿದ ಪ್ರೊಸೆಸ್‌ಗಳು) ಕೈ ಹಾಕಿದೆ. ಅವು ಮೊದಲೇ ಸತ್ತವು, ಕಿಲ್ ಕೊಟ್ಟು ಫಲವಿಲ್ಲ. ವೇಟ್ ಕರೆದು ಸತ್ತ ಮಕ್ಕಳ ಲೆಕ್ಕ ಮುಗಿಸದ ತಂದೆ ಪ್ರೊಸೆಸ್ಸನ್ನೇ ತೆಗೆದರೆ, ಸಿಸ್ಟಂನ ಮೊದಲ ಪ್ರೊಸೆಸ್ ಆದ ಇನಿಟ್ ಬಂದು ಗುಡಿಸುತ್ತೆ. ಪ್ರೋಗ್ರಾಂಗಳನ್ನು ಪ್ರತ್ಯೇಕ ಕಂಟೇನರ್‌ನಲ್ಲಿಡುವ ಡಾಕರ್‌ನಲ್ಲಿ ಓಡಿಸುವಾಗ ಈಗ ಇನಿಟ್ ಆಪ್ಶನ್ ಹಾಕೇ ಓಡಿಸ್ತೀನಿ.

ಬ್ಯಾಕಪ್ ಮೌಂಟನ್ನು ಸಾಫ್ಟ್ ಮಾಡಿಟ್ಟಿದ್ದೇನೆ, ಉತ್ತರ ಬರದಿದ್ದರೆ ಕೊನೆಗೆ ಎರರ್ ಕೊಟ್ಟು ಬಿಡುತ್ತೆ. ಎಷ್ಟು ಹೊತ್ತು ಕಾಯಬೇಕು ಅನ್ನೋ ಟೈಮಿಯೊ ಬರೆಯುವಾಗ ಹುಷಾರು: ಸೆಕೆಂಡಿನ ಹತ್ತನೇ ಭಾಗದ ಲೆಕ್ಕ, 600 ಅಂದರೆ ಒಂದು ನಿಮಿಷ. ಡೇಟಾಬೇಸ್ ಇರುವ ಕಡೆ ಸಾಫ್ಟ್ ಬೇಡವೇ ಬೇಡ, ಬರೆಯುವ ಮಧ್ಯೆ ಎರರ್ ಬಂದರೆ ಫೈಲ್ ಅರ್ಧಂಬರ್ಧ. ಮಾಲೀಕರು ಐದು ಸಾವಿರ ಚಿಲ್ಲರೆ ಕೊಟ್ಟರು. ಸೀನಿಯರ್‌ಗಳಲ್ಲೊಬ್ಬರು ಮೊನ್ನೆ ಫೋನ್ ಮಾಡಿ ಎಕ್ಸ್‌ಪೋರ್ಟ್ಸ್ ಸಾಲು ಕೇಳಿದರು.