ಹಿತ್ತಿಲಿಗೆ ನಾಲ್ಕು ಹೇಂಟೆ

ಯಾವ ತಳಿ ತರುವುದು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನಾನು ಗೂಡು ಆಯಿತಾ ಅಂತ ಕೇಳುತ್ತೇನೆ. ನಮ್ಮ ಕಾಸರಗೋಡಿನ ಮುಳ್ಳೇರಿಯ ಕಡೆಯ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ನೆಲದ ಮೇಲಿನ ಗೂಡು ಕೆಸರಾಗದೆ ಇರುವುದಿಲ್ಲ. ಒದ್ದೆಯಲ್ಲಿ ನಿಂತ ಕೋಳಿಗೆ ರಕ್ತಭೇದಿ ಬೇಗ ಹಿಡಿಯುತ್ತದೆ. ನಾಲ್ಕು ಮೂಲೆಗೆ ಕೆಂಪುಕಲ್ಲು ಪೇರಿಸಿ, ಎರಡಡಿ ಎತ್ತರದಲ್ಲಿ ಅಡಿಕೆ ಮರ ಸೀಳಿದ ಸಲಾಕೆಗಳನ್ನು ಕಿರುಬೆರಳಿನಷ್ಟು ಸಂದು ಬಿಟ್ಟು ಹಾಸಿ. ಹಿಕ್ಕೆ ಕೆಳಗೆ ಬೀಳುತ್ತದೆ. ಅದನ್ನು ಹಸಿಯಾಗಿ ಬಸಳೆ ಬುಡಕ್ಕೆ ಹಾಕಬೇಡಿ, ಬಳ್ಳಿ ಸುಡುತ್ತದೆ. ಸೊಪ್ಪಿನ ಜೊತೆ ಕೊಳೆಸಿ ಹಾಕಿ.

ರಾತ್ರಿ ಮಲಗುವುದಕ್ಕೆ ನಾಲ್ಕು ಹೇಂಟೆಗೆ ನಾಲ್ಕಡಿ ಉದ್ದ, ಮೂರಡಿ ಅಗಲ ಸಾಕು. ಸುತ್ತ ಅರ್ಧ ಇಂಚು ಕಣ್ಣಿನ ಗಟ್ಟಿ ಕಬ್ಬಿಣದ ಬಲೆ ಹೊಡೆಯಿರಿ. ಅಗ್ಗದ ತೆಳು ಬಲೆಯನ್ನು ನಾಯಿ ಕಚ್ಚಿ ಹರಿಯುತ್ತದೆ. ರಾತ್ರಿ ಪುನುಗುಬೆಕ್ಕು, ಹಗಲು ಕೀರಿ. ಬಾಗಿಲಿಗೆ ಹಗ್ಗ ನಂಬಬೇಡಿ, ಕೊಂಡಿ ಹಾಕಿಸಿ.

ಇನ್ನು ತಳಿ. ಮೊಟ್ಟೆಯೇ ಮುಖ್ಯವಾದರೆ ಬಿವಿ 380. ಸರಿಯಾಗಿ ತಿನ್ನಿಸಿದರೆ ವರ್ಷಕ್ಕೆ 300ರ ಹತ್ತಿರ ಕಂದು ಮೊಟ್ಟೆ. ಊರಕೋಳಿ ಇದರ ಕಾಲು ಭಾಗ ಇಟ್ಟರೆ ಹೆಚ್ಚು, ಆದರೆ ಕಾವಿಗೆ ಕೂತು 21 ದಿನಕ್ಕೆ ಮರಿ ಎಬ್ಬಿಸುವುದು ಅದೇ. ಎರಡು ತಿಂಗಳ ಮರಿ ತಂದರೆ ಸುಲಭ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿದೆಯಾ ಕೇಳಿ. ಆಗದಿದ್ದರೆ ಮೃಗಾಸ್ಪತ್ರೆಯಲ್ಲಿ ವಿಚಾರಿಸಿ ಹಾಕಿಸಿ. ಐದು ತಿಂಗಳು ತುಂಬುವಾಗ ಮೊಟ್ಟೆ ಶುರು. ಹುಂಜ ಬೇಕಾಗಿಲ್ಲ, ಅದು ಮರಿಗೆ ಮಾತ್ರ. ನಮ್ಮ ಅತ್ತೆ ದಿನಾ ಆಮ್ಲೆಟ್ ತಿಂದರೂ ಇದನ್ನು ಇನ್ನೂ ಒಪ್ಪಿಲ್ಲ.

ಒಂದಕ್ಕೆ ದಿನಕ್ಕೆ ನೂರು ಗ್ರಾಂ ಮೇಲೆ ತಿಂಡಿ ಬೇಕು. ಹೆಚ್ಚಿನ ಪಾಲು ಲೇಯರ್ ಫೀಡೇ (ಮೊಟ್ಟೆ ಕೋಳಿಯ ಸಿದ್ಧ ತಿಂಡಿ) ಇರಲಿ. ಉಳಿದ ಅನ್ನವನ್ನೇ ಸುರಿದರೆ ಕೋಳಿ ಕೊಬ್ಬುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ಮರುವಾಯಿ (ಕಪ್ಪೆಚಿಪ್ಪು) ಪದಾರ್ಥ ಮಾಡಿದ ದಿನ ಚಿಪ್ಪು ಬಿಸಾಡಬೇಡಿ. ಒಣಗಿಸಿ, ಕುಟ್ಟಿ, ಬೇರೆ ಗೆರಟೆಯಲ್ಲಿ ಇಡಿ, ಬೇಕಾದಷ್ಟು ಹೆಕ್ಕುತ್ತವೆ. ಮೊಟ್ಟೆಯ ಚಿಪ್ಪು ತೆಳ್ಳಗಾಗುವುದಿಲ್ಲ.

ಮೋಡದ ದಿನಗಳಲ್ಲಿ ಮೊಟ್ಟೆ ಇಳಿಯುತ್ತದೆ. ಬೆಳಕು 14 ಗಂಟೆಯಾದರೂ ಬೇಕು. ಮುಸ್ಸಂಜೆಗೆ ಗೂಡಲ್ಲಿ ಸಣ್ಣ ಬಲ್ಬು ಉರಿಸಬಹುದು. ಪುಕ್ಕ ಉದುರಿಸುವಾಗ ಮಾತ್ರ ಏನು ಮಾಡಿದರೂ ಇಡುವುದಿಲ್ಲ, ಬಿಟ್ಟುಬಿಡಿ.

ಬೆಳಿಗ್ಗೆ ಹತ್ತು ಗಂಟೆಯವರೆಗೆ ಹೊರಬಿಡಬೇಡಿ. ಹೆಚ್ಚಿನವು ಅಷ್ಟರೊಳಗೆ ಇಟ್ಟು ಮುಗಿಸುತ್ತವೆ. ಬೇಗ ಬಿಟ್ಟರೆ ಕೆಸುವಿನ ಬುಡ, ಕಟ್ಟಿಗೆ ರಾಶಿ ಎಲ್ಲ ನೀವೇ ಹುಡುಕಬೇಕು, ಅಷ್ಟರಲ್ಲಿ ಹಾವು ಹುಡುಕಿರುತ್ತದೆ.