ನಮ್ಮ ಮನೆಯಲ್ಲಿ ಒಂದೇ ಸಿನಿಮಾ ಎರಡು ಸಲ ಬಿಡುಗಡೆ

ಹೊಸ ಸಿನಿಮಾ ಬಂದ ವಾರವೇ ಥಿಯೇಟರಿಗೆ ಓಡುವ ಚಟ ನನಗೆ ಕಾಲೇಜಿನಿಂದಲೂ ಇದೆ. ಅಮ್ಮನಿಗೆ ಮಂಡಿ ನೋವು, ಬಾಲ್ಕನಿ ಮೆಟ್ಟಿಲು ಹತ್ತಲಾರಳು. ಹಾಗಾಗಿ ಅವಳ ಜೊತೆ ಇನ್ನೊಮ್ಮೆ, ಒಟಿಟಿಗೆ ಬಂದ ಮೇಲೆ.

ಕಾಂತಾರ 2022ರ ಸೆಪ್ಟೆಂಬರ್ 30ಕ್ಕೆ ಬಂತು. ನಾನು ನೋಡಿಬಂದೆ, ಅಮ್ಮನಿಗೆ ಕಥೆ ಬಾಯಿಬಿಡಲಿಲ್ಲ. ಒಟಿಟಿಗೆ ಬಂದದ್ದು ನವೆಂಬರ್ 24ಕ್ಕೆ. 55 ದಿನ ಬಾಯಿ ಮುಚ್ಚಿಕೊಂಡಿರುವುದು ಸುಮ್ನೆ ಮಾತಾ? ಕೊನೆಗೆ 'ವರಾಹ ರೂಪಂ' ಬರುವ ಹೊತ್ತಿಗೆ, "ಈಗ ಕೇಳಮ್ಮ" ಎಂದೆ. ಬಂದದ್ದು ಬೇರೆ ರಾಗ! ಟ್ಯೂನಿನ ಜಗಳ ಕೋರ್ಟಿನಲ್ಲಿತ್ತು, ಒಟಿಟಿಯಲ್ಲಿ ಆಗ ಹಾಡು ಬದಲಾಗಿತ್ತು. ನನ್ನ ಮುಖ ಸಪ್ಪಗಾಯಿತು. ಅಮ್ಮ ಕಣ್ಣೊರೆಸಿಕೊಳ್ಳುತ್ತಾ, "ಚೆನ್ನಾಗೇ ಇದೆಯಲ್ಲೋ, ನಿನಗೇನಾಯ್ತು?" ಎಂದಳು.

ಅವತ್ತು ಇನ್ನೊಂದು ತೊಂದರೆಯೂ ಇತ್ತು. ಮಾತು ಕೇಳಿಸದು, ಹೊಡೆದಾಟ ಶುರುವಾದರೆ ಪಕ್ಕದ ಮನೆಗೂ ಕೇಳಿಸುತ್ತದೆ. ರಿಮೋಟ್ ಹಿಡಿದು ಏರಿಸು, ಇಳಿಸು, ಇದೇ ಕೆಲಸ. ಥಿಯೇಟರಿನಲ್ಲಿ ಪರದೆಯ ಹಿಂದೆ ನಡುವಿನ ಸ್ಪೀಕರ್ ಒಂದು ಮಾತಿಗೆಂದೇ ಇರುತ್ತದೆ. ನಮ್ಮ ಟಿವಿಯಲ್ಲಿ ಇದ್ದದ್ದು ಕೆಳಮುಖದ ಎರಡು ಪುಟ್ಟ ಸ್ಪೀಕರ್. ಮಾತು, ಸಂಗೀತ ಎಲ್ಲಾ ಅದರಲ್ಲೇ ತೂರಬೇಕು. ಆಮೇಲೆ ನಡುವೆ ಬೇರೆ ಸ್ಪೀಕರ್ ಇರುವ 3.1 ಸೌಂಡ್‌ಬಾರ್ ತಂದೆ. ಟಿವಿ ಕೆಳಗಿಡುವ ಉದ್ದನೆಯ ಸ್ಪೀಕರ್ ಅದು; 3 ಅಂದರೆ ಎಡ, ನಡು, ಬಲ, .1 ಅಂದರೆ ದಪ್ಪ ಸದ್ದಿನ ಸಬ್‌ವೂಫರ್. ದೊಡ್ಡ ಟಿವಿಗೆ ದುಡ್ಡು ಹಾಕುವ ಮೊದಲು ಇದನ್ನು ತರಬೇಕು, ನನ್ನ ಪ್ರಕಾರ.

ಟಿವಿಯ ಚಿತ್ರದಲ್ಲಿ ತಪ್ಪು ಹಿಡಿದವಳು ಅಮ್ಮ. "ಇದೇನೋ ಸೀರಿಯಲ್ ಥರ ಕಾಣುತ್ತೆ!" ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು, ಅಂದರೆ 24 ಬಿಡಿ ಚಿತ್ರ. ಟಿವಿ ತಾನೇ ನಡುವೆ ಫ್ರೇಮ್ ಹುಟ್ಟಿಸಿ ತುಂಬಿ, ಎಲ್ಲವನ್ನೂ ನುಣ್ಣಗೆ ಮಾಡುತ್ತಿತ್ತು. ಸೆಟ್ಟಿಂಗ್ಸಿನಲ್ಲಿ 'ಮೋಷನ್' ಅಂತ ಇದ್ದದ್ದನ್ನು ಆಫ್ ಮಾಡಿದೆ. ಖರ್ಚಿಲ್ಲ, ಎರಡು ನಿಮಿಷದ ಕೆಲಸ.

ಇಬ್ಬರೂ ಒಂದೇ ದಿನ ಹೊಸ ಸಿನಿಮಾ ನೋಡಿದ್ದು 2020ರ ಜುಲೈನಲ್ಲಿ. ಥಿಯೇಟರ್‌ಗಳಿಗೆ ಬೀಗ ಬಿದ್ದಿತ್ತು. ಲಾ, ಫ್ರೆಂಚ್ ಬಿರಿಯಾನಿ ಒಂದೇ ವಾರದ ಅಂತರದಲ್ಲಿ ನೇರ ಒಟಿಟಿಗೇ ಬಂದವು. ಅಮ್ಮನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಶಿಳ್ಳೆ ಇಲ್ಲದೆ ಏನೋ ಬಿಟ್ಟುಹೋದ ಹಾಗೆ.

ಈಗ ಫೋನುಗಳನ್ನು ಅಡುಗೆಮನೆಯಲ್ಲಿ ಇಟ್ಟುಬರುತ್ತೇವೆ. ದೀಪ ಆರಿಸುವುದು ನನ್ನ ಕೆಲಸ, ಇಂಟರ್‌ವಲ್ ಮಾತ್ರ ಅಮ್ಮನ ಕೈಯಲ್ಲಿ. ಕುಕ್ಕರ್ ಮೂರು ವಿಷಲ್ ಹಾಕಿದರೆ ಇಂಟರ್‌ವಲ್, ನಾಯಕ ಎಲ್ಲೇ ನೇತಾಡುತ್ತಿರಲಿ.