ಅಮೆರಿಕದಲ್ಲಿ ಮೂರನೇ ಪಕ್ಷಕ್ಕೆ ಓಟು: ಕಲಬುರಗಿ, ಬೀದರ, ಯಾದಗಿರಿ ಕಡೆಯವರಿಗೊಂದು ಕೈಪಿಡಿ

2018ರಲ್ಲಿ ಜೆಡಿಎಸ್ ಕರ್ನಾಟಕದಲ್ಲಿ ಗೆದ್ದದ್ದು 37 ಸ್ಥಾನ, ಆದರೂ ಮುಖ್ಯಮಂತ್ರಿ ಕುರ್ಚಿ ಅದಕ್ಕೇ ಸಿಕ್ಕಿತು. 1992ರಲ್ಲಿ ಟೆಕ್ಸಸ್‌ನ ಉದ್ಯಮಿ ರಾಸ್ ಪೆರೋ ಪಕ್ಷೇತರರಾಗಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತು ಸುಮಾರು 1.97 ಕೋಟಿ ಮತ ಪಡೆದರು. ಶೇಕಡಾವಾರು 18.9. ಅಷ್ಟು ಮತಕ್ಕೆ ಅವರಿಗೆ ದಕ್ಕಿದ ರಾಜ್ಯ ಸೊನ್ನೆ. ಊರಿನ ರಾಜಕೀಯ ನೋಡಿ ಬೆಳೆದವರು ಇಲ್ಲಿ ಮೊದಲು ಎಡವುವುದೇ ಈ ಲೆಕ್ಕದಲ್ಲಿ.

ಎಣಿಕೆಯ ನಿಯಮದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ಕಡೆ ಬಹುಪಾಲು ಚುನಾವಣೆಗಳಲ್ಲಿ ಎಲ್ಲರಿಗಿಂತ ಒಂದು ಓಟು ಹೆಚ್ಚು ಬಂದವರು ಗೆದ್ದಂತೆ, ಅರ್ಧಕ್ಕಿಂತ ಹೆಚ್ಚು ಬರಬೇಕೆಂದಿಲ್ಲ. ಇಂಥ ಪದ್ಧತಿ ಕ್ರಮೇಣ ಎರಡು ಪಕ್ಷಗಳ ಕಡೆಗೇ ಜಾರುತ್ತದೆ ಎಂದು ಫ್ರಾನ್ಸ್‌ನ ಮೊರೀಸ್ ಡುವರ್ಜೆ 1950ರ ದಶಕದಲ್ಲೇ ವಾದಿಸಿದ್ದರು. "ಇವ ಗೆಲ್ಲಾಂವ ಅಲ್ಲ, ಓಟ್ ಒಡ್ಯಾಂವ" ಎಂದು ನಮ್ಮ ಕಡೆ ಹೋಟೆಲಿನಲ್ಲಿ ಕೂತವರು ಆಡುವ ಮಾತೂ ಅದೇ.

ಆದರೆ ಮೂರನೇ ಪಕ್ಷದ ಮತ ಒಂದೇ ಕಡೆ ಗುಂಪಾಗಿ ಬಿದ್ದರೆ ಫಲಿತಾಂಶ ಬೇರೆ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ರಾಜ್ಯದಾದ್ಯಂತ ಸುಮಾರು ಶೇ 10 ಮತ ಪಡೆದು 6 ಸ್ಥಾನ ಗೆದ್ದಿತು. ಆ ಆರರಲ್ಲಿ ಮೂರು ನಮ್ಮ ಭಾಗದವೇ: ಆಳಂದ, ಬೀದರ, ಶಹಾಪುರ. ಉಳಿದ ಕಡೆ ಅದು ಬಿಜೆಪಿ ಮತ ಒಡೆಯಿತು. 2008ರಲ್ಲಿ 110 ಸ್ಥಾನ ಗೆದ್ದಿದ್ದ ಬಿಜೆಪಿ 40ಕ್ಕೆ ಇಳಿಯಲು ಅದೊಂದೇ ಕಾರಣವಲ್ಲದಿದ್ದರೂ ದೊಡ್ಡ ಕಾರಣ. 2023ರಲ್ಲಿ ರಾಜ್ಯದಲ್ಲಿ 19ಕ್ಕೆ ಕುಸಿದ ಜೆಡಿಎಸ್ ಗುರುಮಠಕಲ್ ಉಳಿಸಿಕೊಂಡದ್ದೂ ಹೀಗೇ. ಅಮೆರಿಕದಲ್ಲಿ ಇದಕ್ಕೆ ಸಾಟಿ 1968ರ ಜಾರ್ಜ್ ವಾಲೆಸ್. ಮತ ಶೇ 13.5 ಮಾತ್ರ, ಪೆರೋಗಿಂತ ಕಡಿಮೆ. ಆದರೆ ದಕ್ಷಿಣದ ಐದು ರಾಜ್ಯಗಳಲ್ಲಿ ಮೊದಲ ಸ್ಥಾನಕ್ಕೆ ಬಂದು 46 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೂ ಇರುವ ಪಾಲು) ಪಡೆದರು. ಪೆರೋ ಮತ ಐವತ್ತೂ ರಾಜ್ಯಗಳಿಗೆ ತೆಳ್ಳಗೆ ಹರಡಿತ್ತು.

ಅಧ್ಯಕ್ಷರನ್ನು ಆರಿಸಲು ಒಟ್ಟು 538 ಎಲೆಕ್ಟೋರಲ್ ಮತಗಳಿವೆ, ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟು ಎಲ್ಲ ರಾಜ್ಯಗಳೂ ಮೊದಲು ಬಂದವರಿಗೇ ತಮ್ಮ ಪಾಲನ್ನೆಲ್ಲ ಕೊಡುತ್ತವೆ. ಯಾರಿಗೂ 270 ಬರದಿದ್ದರೆ ನಮ್ಮಲ್ಲಿಯಂತೆ ರೆಸಾರ್ಟ್, ಮಾತುಕತೆ, ಸಮ್ಮಿಶ್ರ ಸರ್ಕಾರ ಎಂಬ ಹಂತ ಇಲ್ಲ. ಕೆಳಮನೆಯಲ್ಲಿ ರಾಜ್ಯಕ್ಕೊಂದು ಮತದಂತೆ ಮತದಾನ ನಡೆದು, 26 ರಾಜ್ಯ ಪಡೆದವರು ಅಧ್ಯಕ್ಷರಾಗುತ್ತಾರೆ. ಆ ಮನೆ ಎರಡೇ ಪಕ್ಷಗಳದು. ಹೀಗಾಗಿ "ಯಾರಿಗೂ ಬಹುಮತ ಬಾರದಿದ್ದರೆ ನಮ್ಮವ ಕಿಂಗ್‌ಮೇಕರ್" ಎಂಬ ಆಸೆ ಇಲ್ಲಿ ಇಟ್ಟುಕೊಳ್ಳಬೇಡಿ. ಪಕ್ಷದ ಸಿದ್ಧಾಂತ, ನಾಯಕತ್ವಗಳಿಗಿಂತ ಈ ರಚನೆಯೇ ಮೂರನೆಯವರನ್ನು ಹೆಚ್ಚು ಕಟ್ಟಿಹಾಕುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಬ್ಯಾಲೆಟ್‌ನಲ್ಲಿ ಹೆಸರು ಬರುವುದೇ ಕಷ್ಟ

ಬೀದರ ಲೋಕಸಭೆಗೆ ಪಕ್ಷೇತರರಾಗಿ ನಿಲ್ಲಲು 10 ಜನ ಸೂಚಕರು, 25,000 ರೂಪಾಯಿ ಡಿಪಾಜಿಟ್ ಸಾಕು (ಪರಿಶಿಷ್ಟರಿಗೆ ಅರ್ಧ). ಆರನೇ ಒಂದು ಭಾಗ ಮತ ಬರದಿದ್ದರೆ ಡಿಪಾಜಿಟ್ ಹೋಯಿತು, ಅಷ್ಟೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗ ಇಲ್ಲ. ಪ್ರತಿ ರಾಜ್ಯಕ್ಕೂ ತನ್ನದೇ ನಿಯಮ, ತನ್ನದೇ ಗಡುವು. 2024ರ ಅಧ್ಯಕ್ಷ ಚುನಾವಣೆಗೆ ಪಕ್ಷೇತರರು ಟೆನೆಸಿಯಲ್ಲಿ ತರಬೇಕಿದ್ದದ್ದು 275 ಸಹಿ, ಟೆಕ್ಸಸ್‌ನಲ್ಲಿ 1,13,151, ಕ್ಯಾಲಿಫೋರ್ನಿಯಾದಲ್ಲಿ 2,19,403.

ಸಹಿ ಹಾಕುವವರು ಆ ರಾಜ್ಯದ ನೋಂದಾಯಿತ ಮತದಾರರೇ ಆಗಿರಬೇಕು. ಮನೆ ಬದಲಿಸಿ ಹೊಸ ವಿಳಾಸ ನೋಂದಾಯಿಸದಿದ್ದರೆ, ಅಕ್ಷರ ಓದಲು ಬರದಿದ್ದರೆ, ಒಬ್ಬರೇ ಎರಡು ಸಲ ಹಾಕಿದ್ದರೆ ಆ ಸಹಿ ತಿರಸ್ಕಾರವಾಗಬಹುದು. ಟೆಕ್ಸಸ್‌ನಲ್ಲಿ ಇನ್ನೊಂದು ತೊಡಕು: ಆ ವರ್ಷ ಯಾವುದೇ ಪಕ್ಷದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಚುನಾವಣೆ) ಮತ ಹಾಕಿದವರ ಸಹಿ ನಡೆಯುವುದಿಲ್ಲ. ಆದ್ದರಿಂದ ಬೇಕಾದ್ದಕ್ಕಿಂತ ಬಹಳ ಹೆಚ್ಚು ಸಹಿ ಸಂಗ್ರಹಿಸಬೇಕು, ಕೂಲಿ ಕೊಟ್ಟು ಜನ ಇಡಬೇಕು, ಆಮೇಲೆ ಎದುರಾಳಿಗಳು ಹಾಕುವ ಕೇಸುಗಳಿಗೆ ವಕೀಲರನ್ನೂ ಇಡಬೇಕು. 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷೇತರರಾಗಿ ನಿಂತಿದ್ದ ರಾಬರ್ಟ್ ಎಫ್. ಕೆನಡಿ ಜೂನಿಯರ್ ಅವರ ನ್ಯೂಯಾರ್ಕ್ ಅರ್ಜಿ ಬಿದ್ದುಹೋದದ್ದು ಅದರಲ್ಲಿ ಬರೆದ ವಾಸದ ವಿಳಾಸ ನಿಜವಾದದ್ದಲ್ಲ ಎಂಬ ಕಾರಣಕ್ಕೆ. ತಮಾಷೆಯೆಂದರೆ, ಆಗಸ್ಟ್‌ನಲ್ಲಿ ಪ್ರಚಾರ ನಿಲ್ಲಿಸಿದ ಮೇಲೆ ಮಿಷಿಗನ್, ವಿಸ್ಕಾನ್ಸಿನ್‌ಗಳಲ್ಲಿ ಅವರೇ ಹೆಸರು ತೆಗೆಯಿರಿ ಎಂದು ಸುಪ್ರೀಂ ಕೋರ್ಟ್‌ವರೆಗೆ ಹೋದರು. ಹೆಸರು ಹಾಗೇ ಉಳಿಯಿತು.

ಟಿವಿ ಚರ್ಚೆಗೂ ತಡೆ ಇದೆ: 2000ದಿಂದ ಸಮೀಕ್ಷೆಗಳಲ್ಲಿ ಶೇ 15 ಬೆಂಬಲ ಬೇಕು. ಮುಖ್ಯ ಅಧ್ಯಕ್ಷೀಯ ಚರ್ಚೆಯಲ್ಲಿ ಮೂರನೆಯವರು ನಿಂತದ್ದು 1992ರ ಪೆರೋ ಕಾಲಕ್ಕೇ ಕೊನೆ.

ಬಂಡಾಯ, ಬಿ ಫಾರಂ, ಪ್ರೈಮರಿ

ಬಿ ಫಾರಂ ಸಿಗದವರು ಮರುದಿನವೇ ಇನ್ನೊಂದು ಪಕ್ಷದ ಶಾಲು ಹೊದ್ದು ನಾಮಪತ್ರ ಹಾಕುವುದು ನಮಗೆ ಹೊಸದಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಪ್ರೈಮರಿಯಲ್ಲಿ ಸೋತವರು ಅದೇ ಹುದ್ದೆಗೆ ನವೆಂಬರ್ ಬ್ಯಾಲೆಟ್‌ನಲ್ಲಿ ಬೇರೆ ಹೆಸರಿನಡಿ ಬರುವಂತಿಲ್ಲ. ಅಪವಾದಗಳಿವೆ. ಕನೆಕ್ಟಿಕಟ್‌ನಲ್ಲಿ 2006ರಲ್ಲಿ ಜೋ ಲೀಬರ್‌ಮನ್ ಪ್ರೈಮರಿ ಸೋತು, ಸ್ವತಂತ್ರವಾಗಿ ನಿಂತು ಸೆನೆಟ್ (ಮೇಲ್ಮನೆ) ಸ್ಥಾನ ಗೆದ್ದರು. ಆದರೆ ಟಿಕೆಟ್ ಕೊಡುವವರು ಇಲ್ಲಿ ಹೈಕಮಾಂಡ್ ಅಲ್ಲ, ಪ್ರೈಮರಿಯ ಮತದಾರರು. ಹೀಗಾಗಿ ಹೊರಗಿನವರು ಹೊಸ ಪಕ್ಷ ಕಟ್ಟುವ ಬದಲು ಹಳೆಯ ಪಕ್ಷದೊಳಗೇ ನುಗ್ಗುತ್ತಾರೆ. ಪೆರೋ ಕಟ್ಟಿದ ರಿಫಾರ್ಮ್ ಪಕ್ಷದ 2000ದ ಟಿಕೆಟ್‌ಗೆ ಕೈಹಾಕಿ ಹಿಂದೆ ಸರಿದಿದ್ದ ಡೊನಾಲ್ಡ್ ಟ್ರಂಪ್, 2016ರಲ್ಲಿ ರಿಪಬ್ಲಿಕನ್ ಪ್ರೈಮರಿಯ ದಾರಿ ಹಿಡಿದು ಅಧ್ಯಕ್ಷರಾದರು.

ಹಾಗಾಗಿ ಮತದಾರ ನೋಂದಣಿ ಫಾರಂನ ಪಕ್ಷದ ಕಾಲಂ ಕಣ್ಣುಮುಚ್ಚಿ ತುಂಬಬೇಡಿ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾಗಳಲ್ಲಿ ಪಕ್ಷ ಬರೆಸದವರಿಗೆ ಪಕ್ಷಗಳ ಪ್ರೈಮರಿಯಲ್ಲಿ ಮತವಿಲ್ಲ. ನ್ಯೂಯಾರ್ಕ್‌ನಲ್ಲಿ ಜೂನ್ ಪ್ರೈಮರಿಗೆ ಪಕ್ಷ ಬದಲಿಸುವ ಗಡುವು ಫೆಬ್ರುವರಿ 14. ಟೆಕ್ಸಸ್‌ನಲ್ಲಿ ಈ ಕಾಲಂ ಇಲ್ಲ. ಪ್ರೈಮರಿ ದಿನ ಯಾವ ಪಕ್ಷದ ಬ್ಯಾಲೆಟ್ ಬೇಕೆಂದು ಹೇಳಿದರಾಯಿತು. ಕ್ಯಾಲಿಫೋರ್ನಿಯಾದಲ್ಲಿ "ಅಮೆರಿಕನ್ ಇಂಡಿಪೆಂಡೆಂಟ್" ಎಂಬುದೊಂದು ಪಕ್ಷ. ಪಕ್ಷೇತರ ಎಂದು ತಿಳಿದು ಅದಕ್ಕೆ ಟಿಕ್ ಹಾಕುವವರು ಬಹಳ. ನಿಮಗೆ ಯಾವ ಪಕ್ಷವೂ ಬೇಡವಾದರೆ ಗುರುತು ಹಾಕಬೇಕಾದ್ದು "ನೋ ಪಾರ್ಟಿ/ನನ್".

ನಿಮ್ಮ ರಾಜ್ಯದಲ್ಲಿ ಆ ಮತ ಏನಾಗುತ್ತದೆ

ಎಲ್ಲರೂ ಎತ್ತುವ ಉದಾಹರಣೆ 2000ದ ಫ್ಲಾರಿಡಾ. ರಿಪಬ್ಲಿಕನ್ ಪಕ್ಷದ ಬುಷ್ ಗೆದ್ದದ್ದು 537 ಮತಗಳಿಂದ, ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅಲ್ಲಿ ಪಡೆದದ್ದು 97,488. ನೇಡರ್ ಇಲ್ಲದಿದ್ದರೆ ಅವರೆಲ್ಲ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್‌ಗೆ ಹಾಕುತ್ತಿದ್ದರು ಎನ್ನಲಾಗದು. ಕೆಲವರು ಬೂತಿಗೇ ಬರುತ್ತಿರಲಿಲ್ಲ. ಆದರೂ ಬಿಗಿ ಪೈಪೋಟಿಯ ರಾಜ್ಯದಲ್ಲಿ ಈ ಲೆಕ್ಕ ನೋಡದೆ ಮೂರನೆಯವರಿಗೆ ಹಾಕುವುದು ಜಾಣತನವಲ್ಲ. ಕ್ಯಾಲಿಫೋರ್ನಿಯಾದಂಥ ಏಕಪಕ್ಷೀಯ ರಾಜ್ಯದಲ್ಲಿ ನಿಮ್ಮ ಒಂದು ಅಧ್ಯಕ್ಷೀಯ ಮತ ಫಲಿತಾಂಶ ತಿರುಗಿಸುವ ಭಯ ಇಲ್ಲವೆಂದೇ ಹೇಳಬೇಕು. ಅಲ್ಲಿ ಅದಕ್ಕೊಂದು ಉಪಯೋಗವೂ ಇದೆ: ದೇಶದಾದ್ಯಂತ ಶೇ 5 ಮತ ಬಂದರೆ ಮುಂದಿನ ಚುನಾವಣೆಗೆ ಆ ಪಕ್ಷ ಸರ್ಕಾರಿ ನಿಧಿ ಕೇಳಬಹುದು. 1996ರ ಪೆರೋ ನಂತರ ಯಾರೂ ಆ ಗೆರೆ ಮುಟ್ಟಿಲ್ಲ ಎಂಬುದೂ ನೆನಪಿರಲಿ.

ಜಾರ್ಜಿಯಾದಲ್ಲಿ ಸೆನೆಟ್‌ಗೆ ಅರ್ಧಕ್ಕಿಂತ ಹೆಚ್ಚು ಮತ ಬೇಕು, ಇಲ್ಲದಿದ್ದರೆ ಮೊದಲ ಇಬ್ಬರ ನಡುವೆ ಮರುಮತದಾನ. 2020ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ಡೇವಿಡ್ ಪರ್ಡ್ಯೂ ಶೇ 49.7ಕ್ಕೆ ನಿಂತರು, ಲಿಬರ್ಟೇರಿಯನ್ ಎಂಬ ಸಣ್ಣ ಪಕ್ಷದ ಅಭ್ಯರ್ಥಿಗೆ ಶೇ 2.3 ಬಂದಿತ್ತು, ಜನವರಿಯಲ್ಲಿ ಪರ್ಡ್ಯೂ ಸೋತರು. ಇಂಥಲ್ಲಿ ಎರಡನೇ ಸುತ್ತಿಗೂ ಹೋಗುವುದನ್ನು ಮರೆಯಬಾರದು. ಮೇನ್ ಮತ್ತು ಅಲಾಸ್ಕಾದಲ್ಲಿ ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡಬಹುದು. ನಿಮ್ಮ ಮೊದಲ ಆಯ್ಕೆ ಕೊನೆಗೆ ಬಿದ್ದರೆ ಮತ ಎರಡನೆಯವರಿಗೆ ಹೋಗುತ್ತದೆ. ಒಬ್ಬರಿಗೇ ಗುರುತು ಹಾಕಿ ಎದ್ದು ಬಂದರೆ ಆ ಅನುಕೂಲ ಕಳೆದುಕೊಂಡಂತೆ.

ನ್ಯೂಯಾರ್ಕ್‌ನಲ್ಲಿ ಒಬ್ಬರೇ ಎರಡು ಪಕ್ಷಗಳ ಸಾಲಿನಲ್ಲಿ ಇರಬಹುದು, ಎರಡರ ಮತಗಳನ್ನೂ ಕೂಡಿಸುತ್ತಾರೆ. ದೊಡ್ಡ ಪಕ್ಷದ ಅಭ್ಯರ್ಥಿ ಒಪ್ಪಿಗೆ, ಆದರೆ ಸಣ್ಣ ಪಕ್ಷವೂ ಉಳಿಯಲಿ ಎನ್ನುವವರು ಸಣ್ಣ ಪಕ್ಷದ ಸಾಲಿನಲ್ಲಿ ಗುರುತು ಹಾಕುತ್ತಾರೆ. ಮಾನ್ಯತೆಗೆ ಈಗ 1,30,000 ಮತ ಅಥವಾ ಶೇ 2, ಎರಡರಲ್ಲಿ ಹೆಚ್ಚಿನದು ಬೇಕು. ನಮಗೆ ತಿಳಿದಂತೆ ಎರಡು ಪಕ್ಷದ ಇಕ್ಕಟ್ಟಿನಿಂದ ಪಾರಾಗಲು ಇದಕ್ಕಿಂತ ಸುಲಭ ದಾರಿ ಇನ್ನಾವ ದೊಡ್ಡ ರಾಜ್ಯದಲ್ಲೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಉಲ್ಟಾ: ಕಾಂಗ್ರೆಸ್ (ಅಮೆರಿಕದ ಸಂಸತ್ತು) ಮತ್ತು ರಾಜ್ಯದ ಹುದ್ದೆಗಳಿಗೆ ಪ್ರೈಮರಿಯ ಮೊದಲ ಇಬ್ಬರು ಮಾತ್ರ ನವೆಂಬರ್‌ಗೆ ಉಳಿಯುತ್ತಾರೆ. ಅಲ್ಲಿ ಸಣ್ಣ ಪಕ್ಷದವರಿಗೆ ಹಾಕುವುದಿದ್ದರೆ ಪ್ರೈಮರಿಗೇ ಹೋಗಬೇಕು.

ಬ್ಯಾಲೆಟ್‌ನಲ್ಲಿ ಇಲ್ಲದವರ ಹೆಸರನ್ನು ಕೈಯಲ್ಲಿ ಬರೆದು ಬರುವುದಕ್ಕೂ ಷರತ್ತುಗಳಿವೆ. ಹಲವು ರಾಜ್ಯಗಳಲ್ಲಿ ಆ ವ್ಯಕ್ತಿ ಮೊದಲೇ ಅರ್ಜಿ ಕೊಟ್ಟಿರದಿದ್ದರೆ ಎಣಿಸುವುದೇ ಇಲ್ಲ. ಹವಾಯಿ, ನೆವಾಡಾ, ಒಕ್ಲಹೋಮಾ, ಸೌತ್ ಡಕೋಟಾದಲ್ಲಿ ಬರೆಯಲೂ ಅವಕಾಶವಿಲ್ಲ. ನಮ್ಮ ನೋಟಾದಂಥದ್ದು ಇರುವುದು ನೆವಾಡಾದಲ್ಲಿ, ಅದೂ ರಾಜ್ಯಮಟ್ಟದ ಹುದ್ದೆಗಳಿಗೆ ಮತ್ತು ಅಧ್ಯಕ್ಷ ಚುನಾವಣೆಗೆ.

ಯಾರು ಏನು ಮಾಡಬಹುದು

ಇಷ್ಟೆಲ್ಲ ಅಮೆರಿಕದ ಪೌರತ್ವ ಪಡೆದವರ ಮಾತು. ಎಚ್‌-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಅಧ್ಯಕ್ಷ ಮತ್ತು ಕಾಂಗ್ರೆಸ್ ಚುನಾವಣೆಗಳಲ್ಲಿ ಮತವಿಲ್ಲ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ "ಮತದಾರರಾಗಿ ನೋಂದಾಯಿಸಬೇಕೆ" ಎಂದು ಕೇಳಿದಾಗ ಗಡಿಬಿಡಿಯಲ್ಲಿ ಹೌದು ಎನ್ನಬೇಡಿ. ಪೌರನೆಂದು ಸುಳ್ಳು ಹೇಳಿದಂತಾದರೆ ಗಡೀಪಾರಿನವರೆಗೆ ಹೋಗಬಹುದು, ಪೌರತ್ವದ ಅರ್ಜಿಯಲ್ಲೂ ಈ ಪ್ರಶ್ನೆ ಬರುತ್ತದೆ. ತಪ್ಪಿ ನೋಂದಣಿ ಆಗಿದ್ದರೆ ಮತ ಹಾಕದೆ ಮೊದಲು ವಲಸೆ ವಕೀಲರನ್ನು ಕಾಣಿ. ಪಕ್ಷ ಅಥವಾ ಅಭ್ಯರ್ಥಿಗೆ ದೇಣಿಗೆ ಕೊಡಲು ಗ್ರೀನ್ ಕಾರ್ಡ್‌ನವರಿಗೆ ಅಡ್ಡಿಯಿಲ್ಲ, ಎಚ್‌-1ಬಿಯವರು ಒಂದು ಡಾಲರ್ ಕೂಡ ಕೊಡುವಂತಿಲ್ಲ. ಪಾರ್ಕಿನಲ್ಲಿ, ಅಂಗಡಿ ಮುಂದೆ ಸಹಿ ಕೇಳುವವರು ಎದುರಾದರೆ ಇಬ್ಬರೂ ಬೇಡವೆಂದು ಮುಂದೆ ಹೋಗಿ.

ಭಾರತದ ಪಾಸ್‌ಪೋರ್ಟ್ ಇನ್ನೂ ಕೈಯಲ್ಲಿದ್ದವರು ನಮೂನೆ 6ಎ ತುಂಬಿ ಪಾಸ್‌ಪೋರ್ಟ್‌ನಲ್ಲಿರುವ ಊರಿನ ಪಟ್ಟಿಗೆ ಸೇರಬಹುದು. ಆದರೆ ಮತದಾನದ ದಿನ ಮೂಲ ಪಾಸ್‌ಪೋರ್ಟ್ ಹಿಡಿದು ಔರಾದಿನದೋ ಸುರಪುರದ್ದೋ ಆ ಬೂತಿನಲ್ಲೇ ನಿಲ್ಲಬೇಕು. ಅಮೆರಿಕದ ಪೌರತ್ವ ಪಡೆದ ಮೇಲೆ ಆ ಹಕ್ಕು ಹೋಗುತ್ತದೆ, ಒಸಿಐ ಕಾರ್ಡ್ ಅದನ್ನು ಮರಳಿ ಕೊಡುವುದಿಲ್ಲ.